ಪ್ರಳಯಕ್ಕೊಂದು ಒಳ್ಳೆಯ ದಿನ

ಮುಹೂರ್ತ, ರಾಹುಕಾಲ, ಒಂಟಿ ಸೀನು, ಬೆಕ್ಕು ಅಡ್ಡ ಬರುವುದು ಇವ್ಯಾವುದನ್ನೂ ನಾನು ನಂಬುವುದಿಲ್ಲ. ಇದನ್ನು ಎಲ್ಲಿ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ, ಮನೆಯಲ್ಲಿ ಮಾತ್ರ ಸ್ವಲ್ಪ ಮೆಲ್ಲಗೆ ಹೇಳುತ್ತೇನೆ. ನಂಬದವನ ಕಷ್ಟ ನಂಬುವವರಿಗೆ ಗೊತ್ತಾಗುವುದಿಲ್ಲ. ಅವರು ಹಬ್ಬ ಮಾಡುತ್ತಾರೆ. ನಾವು ಮೊದಲು ಹೋಳಿಗೆ ತಿಂದು ಮುಗಿಸಿ ಆಮೇಲೆ ವೈಚಾರಿಕರಾಗಬೇಕು. ಶಿಕಾರಿಪುರದಲ್ಲಿ ನಮ್ಮದು ಪೈಪು, ನಟ್ಟು ಬೋಲ್ಟು, ಸ್ಪ್ರಿಂಕ್ಲರು ಮಾರುವ ಅಂಗಡಿ. ವರ್ಷಕ್ಕೊಮ್ಮೆ ಅಂಗಡಿಯ ಹೆಸರಿನಲ್ಲಿ ಕ್ಯಾಲೆಂಡರು ಅಚ್ಚು ಹಾಕಿಸಿ ಗಿರಾಕಿಗಳಿಗೆ ಹಂಚುತ್ತೇನೆ. ಅದರಲ್ಲಿ ರಾಹುಕಾಲ ಇಲ್ಲದಿದ್ದರೆ ಯಾರೂ ಮುಟ್ಟುವುದಿಲ್ಲ ಎಂದು ಅದನ್ನೂ ದಪ್ಪ ಅಕ್ಷರದಲ್ಲಿ ಹಾಕಿಸುತ್ತೇನೆ. ಅದು ವ್ಯಾಪಾರ, ನಂಬಿಕೆಯಲ್ಲ. ಇಂಥ ನನಗೆ ಇತ್ತೀಚೆಗೆ ಒಂದು ವಿಚಿತ್ರ ತೊಂದರೆ ಬಂತು. ಲೋಕವೆಲ್ಲ ನಾಶವಾದ ಮೇಲೆ ಅಳಿದುಳಿದವರು ಬಂದೂಕು ಹಿಡಿದು ಓಡಾಡುವ ಒಂದು ಕಂಪ್ಯೂಟರ್ ಆಟವನ್ನು ನಾನು ಶುರು ಮಾಡಬೇಕಿತ್ತು. ಅದಕ್ಕೆ ಒಳ್ಳೆಯ ದಿನವೇ ಸಿಗಲಿಲ್ಲ.

ಆಟ ಎಂದರೆ ಒಂದಲ್ಲ, ಮೂರು ಭಾಗಗಳ ಸರಣಿ. ಮೊದಲನೆಯದನ್ನು ನಾನು ಶಿವಮೊಗ್ಗದಲ್ಲಿ ಬಿ.ಕಾಂ. ಓದುವಾಗ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಗೇಮ್ ಸೆಂಟರಿನಲ್ಲಿ ಆಡಿದ್ದೆ. ಯುದ್ಧವಾಗಿ ಊರೆಲ್ಲ ಸುಟ್ಟು, ಗಾಳಿ ಕೆಟ್ಟು, ಉಳಿದ ಜನ ನೆಲದಡಿ ಸೇರಿಕೊಂಡಿರುತ್ತಾರೆ. ನಾವು ಮುಖಕ್ಕೆ ಮಾಸ್ಕು ಹಾಕಿಕೊಂಡು ಕತ್ತಲೆಯ ಓಣಿಗಳನ್ನು ದಾಟಿ ಒಂದು ದೊಡ್ಡ ಕಬ್ಬಿಣದ ಬಾಗಿಲ ಮುಂದೆ ಬಂದು ನಿಲ್ಲಬೇಕು. ಬಾಗಿಲಾಚೆ ಮೇಲಿನ ಲೋಕ. ಗಡಗಡ ಸದ್ದಾಗುತ್ತದೆ, ಬಾಗಿಲು ಒಂದು ಗೇಣು ಮೇಲೇಳುತ್ತದೆ, ಅಡಿಯಿಂದ ಬೆಳಕು ಬರುತ್ತದೆ. ಅಷ್ಟರಲ್ಲಿ ಕಂಪ್ಯೂಟರು ನಿಂತುಹೋಗುತ್ತಿತ್ತು. ಪ್ರತಿ ಸಲವೂ ಅಲ್ಲಿಗೇ. ಸೆಂಟರಿನವನು, "ಅದು ಇರೋದೇ ಅಷ್ಟು ಕಣೋ, ಕಾರ್ ರೇಸ್ ಆಡು" ಎಂದುಬಿಟ್ಟ. ನಾನು ಡಿಗ್ರಿ ಮುಗಿಸಿದೆ, ಅಂಗಡಿಯಲ್ಲಿ ಕೂತೆ, ಸೊರಬಕ್ಕೆ ಹೋಗಿ ಸುಮಾಳನ್ನು ನೋಡಿ ಒಪ್ಪಿದೆ. ಆ ಬಾಗಿಲಾಚೆ ಏನಿದೆ ಎನ್ನುವುದು ಮಾತ್ರ ಮನಸ್ಸಿನ ಮೂಲೆಯಲ್ಲಿ ಹಾಗೇ ಉಳಿಯಿತು.

ನಿಶ್ಚಿತಾರ್ಥದ ದಿನ ಸುಮಾಳ ತಮ್ಮ ಗಿರೀಶನನ್ನು ನನ್ನ ಪಕ್ಕ ಕೂರಿಸಿದರು. ಹೊಸ ಭಾವನಿಗೂ ಹೊಸ ಬಾಮೈದನಿಗೂ ಮಾತಾಡಲು ಏನಿರುತ್ತದೆ? ಮಳೆಯಾಯಿತು, ಮೆಕ್ಕೆಜೋಳವಾಯಿತು, ಆಮೇಲೆ ಇಬ್ಬರೂ ಎಲೆಯ ಮೇಲಿನ ಕೋಸಂಬರಿಯನ್ನು ನೋಡುತ್ತಾ ಕೂತೆವು. ಕೊನೆಗೆ ಅವನೇ ತಗ್ಗಿದ ದನಿಯಲ್ಲಿ, "ಭಾವ, ನೀವು ಕಂಪ್ಯೂಟರ್ ಗೇಮ್ ಎಂತಾದ್ರೂ ಆಡಿದೀರಾ?" ಎಂದ. ನಾನು ಬಾಯಿಬಿಟ್ಟೆ. ಅವನೂ ಸಾಗರದಲ್ಲಿ ಓದುವಾಗ ಅದೇ ಆಟ ಆಡಿದ್ದ. ಅದೇ ಕಬ್ಬಿಣದ ಬಾಗಿಲು, ಅದೇ ಒಂದು ಗೇಣು ಬೆಳಕು! ನಾವಿಬ್ಬರೂ ಕೈ ಕೈ ಹಿಡಿದುಕೊಂಡಿದ್ದನ್ನು ನೋಡಿ ಹಿರಿಯರು, ಜಾತಕ ಬಹಳ ಚೆನ್ನಾಗಿ ಕೂಡಿದೆ ಎಂದುಕೊಂಡರು. ಪಾಯಸ ಬರುವುದರೊಳಗೆ ಒಪ್ಪಂದವಾಯಿತು. ಒಂದಲ್ಲ ಒಂದು ದಿನ ಇಬ್ಬರೂ ಒಳ್ಳೆಯ ಕಂಪ್ಯೂಟರು ತರಬೇಕು. ಅವನು ಸೊರಬದಲ್ಲಿ, ನಾನು ಶಿಕಾರಿಪುರದಲ್ಲಿ, ಒಂದೇ ಹೊತ್ತಿಗೆ ಕೂತು, ಫೋನಿನಲ್ಲಿ ಮಾತಾಡಿಕೊಂಡು, ಮೊದಲ ಭಾಗದಿಂದ ಆಡಬೇಕು. ಯಾರೋ ಆಡಿದ್ದನ್ನು ವಿಡಿಯೋದಲ್ಲಿ ಕದ್ದು ನೋಡುವಂತಿಲ್ಲ. ಒಬ್ಬರನ್ನು ಬಿಟ್ಟು ಒಬ್ಬರು ಬಾಗಿಲು ದಾಟುವಂತಿಲ್ಲ.

ಆ ದಿನ ಈ ವರ್ಷ ಬಂತು. ಗಿರೀಶ ಈಗ ಸೊರಬದಲ್ಲಿ ಡ್ರಾಯಿಂಗ್ ಮೇಷ್ಟ್ರು. ಅವನು ಪೇಟೆಯಿಂದ ತಂದಿದ್ದನ್ನು ಮೇಜಿನ ಮೇಲಿಟ್ಟು ವಯರು ಚುಚ್ಚಿದ, ಅವನ ತಯಾರಿ ಮುಗಿಯಿತು. ನನ್ನದು ಹಾಗಲ್ಲ, ನಾನು ಪೈಪಿನ ಅಂಗಡಿಯವನು. ಮೇಜು ಒಂದು ಕಡೆ ವಾಲಿದೆಯೆಂದು ಅನುಮಾನ ಬಂದು ಗಾರೆಯವರು ಗೋಡೆ ನೋಡುವ ರಸಮಟ್ಟ ಇಟ್ಟು ಸರಿಮಾಡಿದೆ. ವಯರುಗಳು ಹಾವಿನ ಮರಿಗಳಂತೆ ಹರಡಿದ್ದು ಕಣ್ಣಿಗೆ ಆಗಲಿಲ್ಲ. ಎಲ್ಲವನ್ನೂ ಪಿವಿಸಿ ಪೈಪಿನೊಳಗೆ ತೂರಿಸಿ, ಮೂಲೆಗಳಿಗೆ ಎಲ್ಬೋ ಹಾಕಿ, ಗೋಡೆಗೆ ಕ್ಲಾಂಪು ಹೊಡೆದೆ. ಸುಮಾ ಸೊಂಟಕ್ಕೆ ಕೈಕೊಟ್ಟು ನೋಡಿ, "ಇದು ಕಂಪ್ಯೂಟರೋ, ಬೋರ್‌ವೆಲ್ಲೋ? ನೀರು ಯಾವಾಗ ಬರ್ತದ್ರೀ?" ಎಂದಳು. ಒಂದು ಮೌಸು ಕೆಟ್ಟರೆ ಎಂದು ಇನ್ನೊಂದು, ಆ ಇನ್ನೊಂದು ಕೆಟ್ಟರೆ ಎಂದು ಮತ್ತೊಂದು ತಂದಿಟ್ಟೆ. ಕರೆಂಟಿನ ಭಯಕ್ಕೆ ಯುಪಿಎಸ್ಸು, ಯುಪಿಎಸ್ಸಿನ ಭಯಕ್ಕೆ ಇನ್ವರ್ಟರು. ಇನ್ವರ್ಟರಿನ ಸಾಕೆಟ್ಟು ಇದ್ದದ್ದು ನಡುಮನೆಯಲ್ಲಿ, ಅವ್ವನ ಮಂಚದ ಪಕ್ಕದಲ್ಲಿ. ಹೀಗಾಗಿ ಪ್ರಳಯೋತ್ತರ ಜಗತ್ತು ಅವ್ವನ ಎಲೆಯಡಿಕೆ ಡಬ್ಬಿಗೆ ಎರಡು ಮಾರು ದೂರದಲ್ಲಿ ಸ್ಥಾಪನೆಯಾಯಿತು.

ಎಡವಟ್ಟಾಗಿದ್ದು ಅಲ್ಲೇ. ಕಂಪ್ಯೂಟರಿನ ಪೆಟ್ಟಿಗೆಗೆ ಒಂದು ಬದಿ ಗಾಜು, ಒಳಗೆ ಕೆಂಪು ಹಸಿರು ನೀಲಿ ದೀಪಗಳು. ಸರಿಯಾಗಿದೆಯೇ ಎಂದು ನೋಡಲು ಕಂಪ್ಯೂಟರ್ ಅಂಗಡಿಯ ಹುಡುಗ ಹಚ್ಚಿ ತೋರಿಸಿದಾಗ ಅವ್ವ ಮಂಚದಿಂದ ಇಳಿದು ಬಂದು ಕೈಮುಗಿದಳು. "ಗದ್ದಿಗಿ ಇದ್ದಂಗೈತಲ್ಲಪಾ! ಇದನ್ನ ಅಮಾಸಿ ಪೂಜಿ ಮಾಡದ ಶುರು ಮಾಡಬಾರ್ದು. ಪೂಜಿ ಆದ ದಿನಾನೇ ಬೋಣಿ ಆಗಬೇಕು" ಎಂದಳು. ನಮ್ಮ ಕಡೆಯ ವ್ಯಾಪಾರಸ್ಥರಿಗೆ ಅಮಾವಾಸ್ಯೆ ಎಂದರೆ ಬಲು ಒಳ್ಳೆಯ ದಿನ. ಅಂಗಡಿಗೆ ಪೂಜೆ, ತಕ್ಕಡಿಗೆ ಪೂಜೆ, ಬಾಗಿಲಿಗೆ ಬೂದುಗುಂಬಳಕಾಯಿ ಎಲ್ಲ ಅಂದೇ. ಹೋಗಲಿ, ನಾಲ್ಕು ದಿನ ತಾನೇ ಎಂದು ಒಪ್ಪಿಕೊಂಡು ಗಿರೀಶನಿಗೆ ಫೋನು ಮಾಡಿದೆ. ಅವನು, "ಭಾವ, ಅಮಾವಾಸ್ಯೆ ದಿನ ನಮ್ಮಮ್ಮ ಹೊಸ ಪೊರಕೆ ಸಹ ಮನೆಯೊಳಗೆ ತರಲಿಕ್ಕೆ ಬಿಡೋದಿಲ್ಲ ಮಾರಾಯ್ರೆ" ಎಂದ. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು: "ಎಂತ? ಅಮಾಸೆ ದಿನ ಎಂತ ಶುರು ಮಾಡೋದು?"

ಶಿಕಾರಿಪುರದಿಂದ ಸೊರಬಕ್ಕೆ ಬಸ್ಸಿನಲ್ಲಿ ಒಂದು ನಿದ್ದೆಯ ದಾರಿ. ಆದರೆ ಆ ಒಂದು ನಿದ್ದೆಯೊಳಗೆ ಅಮಾವಾಸ್ಯೆ ಒಳ್ಳೆಯದರಿಂದ ಕೆಟ್ಟದಾಗಿಬಿಡುತ್ತದೆ. ಅವ್ವ ಒಪ್ಪಿದ ದಿನ ಅತ್ತೆಗೆ ಆಗದು, ಅತ್ತೆ ಹೇಳಿದ ದಿನ ಅವ್ವನಿಗೆ ಆಗದು. ಇಬ್ಬರೂ ಬೀಗಿತ್ತಿಯರು, ಒಬ್ಬರಿಗೊಬ್ಬರು ಬಹಳ ಗೌರವ. ಹಾಗಾಗಿ ಜಗಳವಾಡಿ ಇತ್ಯರ್ಥ ಮಾಡಿಕೊಳ್ಳುವ ಅನುಕೂಲವೂ ಇರಲಿಲ್ಲ. ಒಂದು ಅಮಾವಾಸ್ಯೆ ಹೋಯಿತು, ಇನ್ನೊಂದು ಬಂತು. ಅವ್ವ ಮಾತ್ರ ತಪ್ಪದೆ ತಕ್ಕಡಿಯ ಜೊತೆ ಕಂಪ್ಯೂಟರಿಗೂ ಮೂರು ಬೆರಳಿನ ವಿಭೂತಿ ಎಳೆದು, ಮೌಸಿಗೆ ಹೂವಿಟ್ಟು, ಪೈಪಿನ ಎಲ್ಬೋಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದಳು. ಉದ್ಘಾಟನೆಯಾಗದ ಸಮುದಾಯ ಭವನದ ಹಾಗೆ ಅದು ಪೂಜೆ ಮಾಡಿಸಿಕೊಂಡು ಸುಮ್ಮನೆ ಕೂತಿತ್ತು. ಬಂದ ನೆಂಟರು ಅದಕ್ಕೂ ನಮಸ್ಕಾರ ಮಾಡಿ ಹೋಗುತ್ತಿದ್ದರು.

ಈ ನಡುವೆ ಒಂದು ಭಾನುವಾರ ಗಿರೀಶ ಬಂದಿದ್ದಾಗ ಇಬ್ಬರೂ ಬೇಜಾರು ಕಳೆಯಲು, ಹಿಂದೆ ರಾಜಧಾನಿಯಾಗಿದ್ದು ಈಗ ಹಾಳುಬಿದ್ದಿರುವ ಬಂದಳಿಕೆಗೆ ಹೋದೆವು. ಬಿದ್ದ ಗೋಡೆ, ಮುರಿದ ಕಂಬ, ಹುಲ್ಲು ನುಂಗಿದ ಕಲ್ಲುಗಳ ನಡುವೆ ನಿಂತು ಗಿರೀಶ, "ಭಾವ, ನಮ್ಮ ಆಟದಲ್ಲಿ ಇರೋ ಹಂಗೇ ಇದೆ ಅಲ್ವಾ?" ಎಂದ. ನಿಜವೇ. ಆದರೆ ಸ್ವಲ್ಪ ದೂರದಲ್ಲಿ ಒಬ್ಬಾಕೆ ರಸ್ತೆಯ ಮೇಲೆ ಮೆಕ್ಕೆಜೋಳ ಹರಡಿ, ಕಾಲಿನಲ್ಲಿ ಗೆರೆ ಎಳೆಯುತ್ತಾ, ಫೋನಿನಲ್ಲಿ ಯಾರಿಗೋ ಬದನೆಕಾಯಿ ಎಣ್ಣೆಗಾಯಿ ಮಾಡುವುದು ಹೇಗೆಂದು ಹೇಳುತ್ತಿದ್ದಳು. ನನಗೆ ಬಹಳ ಸಮಾಧಾನವಾಯಿತು. ರಾಜರು ಹೋದರು, ರಾಜಧಾನಿ ಹೋಯಿತು, ಅಷ್ಟೆಲ್ಲ ಆದ ಮೇಲೂ ಎಣ್ಣೆಗಾಯಿ ಉಳಿದಿದೆ. ಆಟ ಮಾಡಿದವರು ಒಮ್ಮೆ ನಮ್ಮ ತಾಲೂಕಿಗೆ ಬಂದಿದ್ದರೆ ಪ್ರಳಯದ ನಂತರ ಜನ ಬಂದೂಕು ಹಿಡಿಯುವುದಿಲ್ಲ, ಜೋಳ ಒಣಹಾಕುತ್ತಾರೆ ಎಂದು ತಿಳಿಯುತ್ತಿತ್ತು. ಇದನ್ನು ಗಿರೀಶನಿಗೆ ಹೇಳಿದೆ. ಅವನಿಗೆ ತತ್ವ ಬೇಕಿರಲಿಲ್ಲ. "ಅದೆಲ್ಲ ಸರಿ ಭಾವ. ಬರೋ ವಾರಕ್ಕೆ ದಿನ ಗಟ್ಟಿಯಾಗದೇ ಇದ್ರೆ ನಾನೊಬ್ಬನೇ ಆಡಿಬಿಡ್ತೀನಿ ನೋಡಿ" ಎಂದ.

ಈ ಮಾತು ನನಗೆ ನಾಟಿತು. ಅವನೊಬ್ಬನೇ ಬಾಗಿಲು ದಾಟಿ ಹೋಗುತ್ತಾನೆ, ಆಚೆಗೆ ಏನಿದೆ ಎನ್ನುವುದು ಅವನಿಗೆ ಮಾತ್ರ ಗೊತ್ತಿರುತ್ತದೆ, ಮುಂದಿನ ಹಬ್ಬದಲ್ಲಿ ಇಬ್ಬರೂ ಮತ್ತೆ ಮಳೆ, ಮೆಕ್ಕೆಜೋಳ ಎಂದು ಕೋಸಂಬರಿ ನೋಡುತ್ತಾ ಕೂರುತ್ತೇವೆ. ನೆನೆಸಿಕೊಂಡರೇ ಸಂಕಟವಾಗುತ್ತಿತ್ತು. ವಾರವಿಡೀ ಊಟ ಸೇರಲಿಲ್ಲ. ನನ್ನ ಮುಖ ನೋಡಲಾರದೆ ಸುಮಾ ಮುಂದಿನ ಭಾನುವಾರ ಮಧ್ಯಾಹ್ನ ಊಟವಾದ ಕೂಡಲೇ ತವರಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ಅವ್ವನ ಮಂಚದ ಮೇಲಿಟ್ಟಳು. "ಇಬ್ರೂ ಕೂತು ಒಂದು ದಿನ ಹೇಳಿಬಿಡಿ. ಇವರದ್ದು ನೋಡಲಿಕ್ಕಾಗೋದಿಲ್ಲ" ಎಂದಳು.

ಕ್ಷೇಮ ಸಮಾಚಾರ, ಮಂಡಿ ನೋವು, ಉಪ್ಪಿನಕಾಯಿ ಎಲ್ಲ ಮುಗಿದ ಮೇಲೆ ಅವ್ವ ನನ್ನ ಕಡೆ ತಿರುಗಿದಳು. "ಅಲ್ಲಪಾ, ಇಷ್ಟು ದಿನ ಪೂಜಿ ಮಾಡೀನಿ, ಆ ಆಟದಾಗ ಏನೈತಿ ಅಂತ ನೀ ಹೇಳೇ ಇಲ್ಲ." ನಾನು ಹೇಳಿದೆ. ದೊಡ್ಡ ಯುದ್ಧವಾಗಿರುತ್ತದೆ, ಊರೆಲ್ಲ ಸುಟ್ಟುಹೋಗಿರುತ್ತದೆ, ಉಸಿರಾಡಲು ಒಳ್ಳೆಯ ಗಾಳಿಯೂ ಇರುವುದಿಲ್ಲ, ಜನ ನೆಲದಡಿ ಇರುತ್ತಾರೆ.

"ಮನಿ ಮಠ?"

"ಎಲ್ಲ ಬಿದ್ದಿರ್ತಾವವ್ವ."

"ಹೊಲ, ದನ?"

"ಏನೂ ಇಲ್ಲ."

ಅವ್ವ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿ ಫೋನಿನ ಕಡೆ ಬಗ್ಗಿದಳು. "ಕೇಳಿದ್ರೇನ್ರೀ ಬೀಗರ? ಎಲ್ಲಾ ಹಾಳಾಗಿ ಹೋದ ಮ್ಯಾಲೆ ಶುರುವಾಗೋ ಆಟ ಅಂತ! ಇದಕ್ಕ ಅಮಾಸಿ ಆದ್ರೇನು, ಹುಣ್ಣಿಮಿ ಆದ್ರೇನು? ಇನ್ನು ಕೆಡಾಕ ಏನುಳಿದೈತಿ?"

ಆ ಕಡೆಯಿಂದ ಅತ್ತೆ, "ಹೌದು ಮಾರಾಯ್ರೆ! ಮುಗಿದೇ ಹೋಗಿದ್ದಕ್ಕೆ ಎಂತ ಮುಹೂರ್ತ? ಇದು ಮೊದಲೇ ಹೇಳೋದಲ್ವಾ ಇವ್ರು? ಇವತ್ತೇ ಆಡ್ಲಿ ಬಿಡಿ" ಎಂದರು. ಆಮೇಲೆ ಸ್ವಲ್ಪ ಯೋಚಿಸಿ, "ಆದ್ರೆ ಅಷ್ಟೊಂದು ಜನ ಸತ್ತ ಜಾಗ ಅಂತೀರಿ, ಆಡಿ ಎದ್ದ ಮೇಲೆ ಸ್ನಾನ ಮಾಡದೇ ಅಡುಗೆಮನೆಗೆ ಬರೋದು ಬೇಡ" ಎಂದು ಸೇರಿಸಿದರು. ಅವ್ವ ಅದಕ್ಕೂ ತಲೆಯಾಡಿಸಿದಳು. ಅಮಾವಾಸ್ಯೆಯಲ್ಲಿ ಒಪ್ಪದವರು ಸ್ನಾನದಲ್ಲಿ ಒಂದಾದರು.

ಆಟ ಶುರುವಾಯಿತು. ನೆಲದಡಿಯ ಓಣಿಗಳು, ಅದೇ ತಿರುವುಗಳು, ಎಲ್ಲ ನೆನಪಿದ್ದವು. ಕಿವಿಯಲ್ಲಿ ಗಿರೀಶ, ಬೆನ್ನ ಹಿಂದೆ ಅವ್ವ. ಚಹಾದ ಹೊತ್ತು ಕಳೆಯುವ ವೇಳೆಗೆ ಇಬ್ಬರೂ ಕಬ್ಬಿಣದ ಬಾಗಿಲ ಮುಂದೆ ನಿಂತಿದ್ದೆವು. ಗಡಗಡ ಎಂದಿತು. ಬಾಗಿಲು ಗೇಣು ದಾಟಿತು, ಮೊಳ ದಾಟಿತು, ಪೂರ್ತಿ ಮೇಲೆದ್ದಿತು. ಬೂದು ಬಣ್ಣದ ಆಕಾಶ, ಮುರಿದ ಸೇತುವೆ, ತುಕ್ಕು ಹಿಡಿದ ಬಸ್ಸು, ಬಸ್ಸಿನ ಕಿಟಕಿಯಿಂದ ಹೊರಗೆ ಬಂದ ಒಂದು ಗಿಡ. ಇಷ್ಟೇ. ಆದರೂ ನಾನು ಮೌಸಿನಿಂದ ಕೈ ತೆಗೆದು ನೋಡುತ್ತಾ ಕೂತೆ. "ಚಂದ ಇದೆ ಅಲ್ವಾ ಭಾವ" ಎಂದ ಗಿರೀಶ. "ಹೂಂ ಕಣೋ" ಎಂದೆ. ಅಷ್ಟರಲ್ಲಿ ಬಸ್ಸಿನ ಮರೆಯಿಂದ ನಾಯಿಯಂಥದ್ದೊಂದು ಹಾರಿ ಬಂದು ನನ್ನನ್ನು ಕೊಂದುಹಾಕಿತು.

ಮತ್ತೆ ಹೋದೆ, ಮತ್ತೆ ಕೊಂದಿತು. ಬಂದೂಕಿನಲ್ಲಿ ಗುಂಡು ತುಂಬುವುದರೊಳಗೆ ಕೊಂದಿತು, ತುಂಬಿದ ಮೇಲೂ ಕೊಂದಿತು. ಮೂರೂ ಮೌಸು ಬದಲಾಯಿಸಿ ನೋಡಿದೆ. ಗಿರೀಶ ಮೊದಲ ಸಲಕ್ಕೇ ಅದನ್ನು ಹೊಡೆದು ಆಚೆ ಹೋಗಿದ್ದ. "ಅವಸರ ಇಲ್ಲ ಭಾವ, ನೀವು ಬರೋ ತನಕ ಇಲ್ಲೇ ಗೋಡೆ ಹಿಂದೆ ಕೂತಿರ್ತೀನಿ" ಎಂದ. ಅವನ ಒಳ್ಳೆಯತನ ನನಗೆ ನಾಯಿಗಿಂತ ಹೆಚ್ಚು ನೋವು ಕೊಟ್ಟಿತು. ಹಿಂದಿನಿಂದ ಅವ್ವ, "ಮತ್ತ ಹೋದೇನಪಾ?" ಎಂದು ಕೇಳುತ್ತಿದ್ದಳು. ಅವಳತ್ತ ತಿರುಗಿದವನ ಕಣ್ಣು ಗೋಡೆಯ ಮೇಲೆ, ನನ್ನದೇ ಅಂಗಡಿಯ ಕ್ಯಾಲೆಂಡರಿನ ಮೇಲೆ ಬಿತ್ತು. ಭಾನುವಾರ, ರಾಹುಕಾಲ ನಾಲ್ಕೂವರೆಯಿಂದ ಆರು. ನಾನೇ ಹಾಕಿಸಿದ ದಪ್ಪ ಅಕ್ಷರ. ಗಡಿಯಾರ ಐದೂಕಾಲು ತೋರಿಸುತ್ತಿತ್ತು.

ಇದನ್ನು ಸುಮಾಳಿಗೆ ಸುಮ್ಮನೆ, ಒಂದು ಮಾಹಿತಿಯ ಹಾಗೆ ಹೇಳಿದೆ. ಅವಳು, "ಗಿರೀಶನಿಗೂ ಅದೇ ರಾಹುಕಾಲ ಅಲ್ವಾ? ಅವನು ಎಂತಕ್ಕೆ ಸಾಯಲಿಲ್ಲ?" ಎಂದಳು. ಸೊರಬ ನಮಗಿಂತ ಪಶ್ಚಿಮಕ್ಕಿದೆ, ಅಲ್ಲಿ ಸೂರ್ಯ ಒಂದು ಚೂರು ತಡವಾಗಿ ಮುಳುಗುತ್ತಾನೆ, ಆ ಲೆಕ್ಕದಲ್ಲಿ ರಾಹುಕಾಲವೂ ಆಚೀಚೆಯಾಗುತ್ತದೆ ಎಂದು ವೈಜ್ಞಾನಿಕವಾಗಿ ವಿವರಿಸಿದೆ. ಅವಳು ಪೂರ್ತಿ ಕೇಳಿ, "ನೀರು ಕಾದಿದೆ, ಸ್ನಾನಕ್ಕೆ ಹೋಗಿ" ಎಂದು ಒಳಗೆ ಹೋದಳು. ಒಳಗಿನಿಂದ ನಗು ಕೇಳಿಸಿತು.

ಮುಂದಿನ ಭಾನುವಾರ ನಾಲ್ಕೂವರೆಗೆ ಸರಿಯಾಗಿ ಗಿರೀಶನ ಫೋನು ಬಂತು. "ಭಾವ, ಕೂರೋಣ್ವಾ?"

"ಸ್ವಲ್ಪ ಕೆಲಸ ಇದೆ ಕಣೋ, ಆರರ ಮೇಲೆ ಕೂರೋಣ."

"ಅಂಗಡಿ ರಜೆ ಅಲ್ವಾ? ಎಂತ ಕೆಲಸ?"

"ಒಂದು ಎಲ್ಬೋ ಲೂಸಾಗಿದೆ" ಎಂದೆ. ಆಮೇಲೆ ಕಪ್ಪು ಪರದೆಯ ಮುಂದೆ, ರಸಮಟ್ಟವಿಟ್ಟು ಸರಿಮಾಡಿದ ಮೇಜಿನ ಮೇಲೆ ಕೈಯಿಟ್ಟುಕೊಂಡು, ಏನೂ ಮಾಡದೆ ಕೂತೆ. ಅವ್ವ ಮಂಚದ ಮೇಲೆ ಅಡಿಕೆ ಕತ್ತರಿಸುತ್ತಾ ಕಿಟಕಿಯ ಕಡೆ ನೋಡುತ್ತಿದ್ದಳು. ಎಷ್ಟೋ ಹೊತ್ತಿನ ಮೇಲೆ, ಗಡಿಯಾರದತ್ತ ಒಮ್ಮೆ ಕಣ್ಣು ಹಾಯಿಸಿ, "ಆರಾತು. ಇನ್ ಹಚ್ಚಪಾ" ಎಂದಳು. ನಾನು ಎದ್ದು ಸ್ವಿಚ್ಚು ಹಾಕಿದೆ, ಬಲಗೈಯಲ್ಲಿ.