ವೇಣುಗೋಪಾಲ ಮಾಷ್ಟ್ರ ಬಾಯಾರಿಕೆ

ನಾಲ್ಕನೇ ಲೋಟ ನೀರು ಕೇಳಿದ್ದೇ ವೇಣುಗೋಪಾಲ ಮಾಷ್ಟ್ರು ಮಾಡಿದ ತಪ್ಪು. ನರಿಕೊಂಬಿನಲ್ಲಿ ಹೆಡ್‌ಮಾಷ್ಟ್ರ ಹೊಸ ಮನೆಯ ಒಕ್ಕಲು, ಗೃಹಪ್ರವೇಶದ ಊಟ. ಶಾಲೆಯ ಮಾಷ್ಟ್ರುಗಳೆಲ್ಲ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದರು.

ಮನಸ್ಸಿನ ಏರಿಳಿತಕ್ಕೆಂದು ಡಾಕ್ಟ್ರು ಕೊಟ್ಟ ಮಾತ್ರೆ ಮನಸ್ಸನ್ನೇನೋ ಹದಕ್ಕೆ ತಂದಿತ್ತು. ಆದರೆ ಬಾಯಿ ಒಣಗಿಸಿ, ಕೈಗೆ ಸಣ್ಣ ನಡುಕ ಕೊಟ್ಟು, ಹಸಿವಿಗೆ ಹೊಟ್ಟೆಯಲ್ಲಿ ಮದುವೆಮನೆಯ ಒಲೆಯನ್ನೇ ಹೊತ್ತಿಸಿತ್ತು. ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಸ್ಟಾಫ್‌ರೂಮಿಗೆ ಹೇಳುವುದೂ ರಿಕ್ಷಾಕ್ಕೆ ಮೈಕು ಕಟ್ಟಿ ಊರು ಸುತ್ತುವುದೂ ಒಂದೇ.

"ಮಾಷ್ಟ್ರೇ, ನಿಮಗೆ ಶುಗರ್ ಉಂಟು," ಪಕ್ಕದ ಎಲೆಯ ಹನೀಫಾ ಸರ್ ತೀರ್ಪು ಕೊಟ್ಟರು. "ನನ್ನ ಭಾವನಿಗೂ ಹೀಗೇ ಬಾಯಾರಿಕೆ."

"ಇಲ್ಲ ಮಾರಾಯ್ರೇ, ಸೆಕೆ."

"ಸೆಕೆಗೆ ಕೈ ನಡುಗ್ತದಾ?"

ಬಡಿಸುತ್ತಿದ್ದ ವಾಗ್ದೇವಿ ಟೀಚರ್ ಕಿವಿಗೆ ಇದು ಬಿತ್ತು. ಕಡಲೆಬೇಳೆ ಪಾಯಸ ಬಂತು. ಅದಕ್ಕೋಸ್ಕರ ಮಾಷ್ಟ್ರು ಬೆಳಗಿನ ತಿಂಡಿಯನ್ನೇ ಬಿಟ್ಟು ಬಂದಿದ್ದರು. ಟೀಚರ್ ಸೌಟು ಅವರ ಎಲೆಯನ್ನು ಹಾರಿ ಹನೀಫಾ ಸರ್ ಎಲೆಗೆ ಇಳಿಯಿತು.

"ಟೀಚರ್, ನನಗೆ?"

"ನಿಮಗೆ ಹಾಗಲಕಾಯಿ ಪಲ್ಯ ಹೇಳಿದ್ದೇನೆ."

ಪಲ್ಯ ಬಂತು, ಬೈಹುಲ್ಲಿನ ಮೆದೆಯಷ್ಟು. ಎದ್ದು ಹೋಗೋಣವೆಂದರೆ ಪಂಕ್ತಿಯ ನಡುವೆ ಏಳುವಂತಿಲ್ಲ. ಕುಡಿದ ನೀರು ಬೇರೆ ಒಳಗಿನಿಂದ ಬಾಗಿಲು ಬಡಿಯುತ್ತಿತ್ತು. ಹನೀಫಾ ಸರ್ ಕಣ್ಣು ಮುಚ್ಚಿ ಸುರ್ರೆಂದು ಪಾಯಸ ಎಳೆಯುತ್ತಿದ್ದರು.

ಎರಡನೇ ಸುತ್ತಿಗೆ ಪಾಯಸ ಮರಳಿ ಬಂತು. ಇದು ತಪ್ಪಿದರೆ ಇನ್ನು ಬರುವುದಿಲ್ಲ. ಗುಟ್ಟೋ, ಪಾಯಸವೋ? ಮಾಷ್ಟ್ರ ಹೊಟ್ಟೆಯೇ ಬಾಯಿ ಬಿಟ್ಟಿತು.

"ಶುಗರ್ ಅಲ್ಲ ಟೀಚರ್! ಮನಸ್ಸು ಮೇಲೆ ಕೆಳಗೆ ಆಗದ ಹಾಗೆ ಮಾತ್ರೆ ತಗೊಳ್ತೇನೆ. ಬಾಯಾರಿಕೆ ಅದರದ್ದು, ನಡುಕವೂ ಅದರದ್ದೇ. ಪಾಯಸ ಹಾಕಿ!"

ಪಂಕ್ತಿಯ ಕೊನೆಯವರೂ ಹಪ್ಪಳ ಕೈಯಲ್ಲೇ ಹಿಡಿದು ಬಗ್ಗಿ ನೋಡಿದರು.

ವಾಗ್ದೇವಿ ಟೀಚರ್ ನಕ್ಕರು. "ಅಯ್ಯೋ, ಅದಾ? ಅದರಲ್ಲಿ ನಾಚಿಕೆ ಎಂತದು? ನಾನೂ ಎಂಟು ವರ್ಷದಿಂದ ತಗೊಳ್ತಾ ಇಲ್ವಾ!"

ಮಾಷ್ಟ್ರ ಎದೆ ಹತ್ತಿಯಷ್ಟು ಹಗುರಾಯಿತು. ಪಲ್ಯ ಸರಿಸಿ, ಎಲೆಯಲ್ಲಿ ಪಾಯಸಕ್ಕೆ ಜಾಗ ಮಾಡಿದರು. ತುಂಬಿದ ಸೌಟು ಕೆಳಗಿಳಿಯಿತು. ನಡುದಾರಿಯಲ್ಲಿ ನಿಂತಿತು.

"ಆದ್ರೆ ಮಾಷ್ಟ್ರೇ, ಆ ಮಾತ್ರೆಯಲ್ಲಿ ತೂಕ ಏರ್ತದೆ. ನಾನು ಹದಿನಾಲ್ಕು ಕಿಲೋ ಏರಿದ ಮೇಲೆ ಸಿಹಿ ಬಿಟ್ಟದ್ದು. ನಿಮಗೆ ಹಾಗಾಗ್ಲಿಕ್ಕೆ ನಾನು ಬಿಡುವುದಿಲ್ಲ."

ಸೌಟು ಹನೀಫಾ ಸರ್ ಎಲೆಯಲ್ಲಿ ಬರಿದಾಯಿತು.

"ಸೋಮವಾರದಿಂದ ಸಂಜೆ ಬೆಲ್ ಆದ ಮೇಲೆ ಮೈದಾನಕ್ಕೆ ಐದು ಸುತ್ತು ನಡೆಯುವ," ಟೀಚರ್ ಖಾಲಿ ಸೌಟು ಎತ್ತಿ ಹೇಳಿದರು. "ನಾನೂ ಬರ್ತೇನೆ."