ಹಿಮದ ಬೆಟ್ಟದಲ್ಲಿ ಟೇಬಲ್ಲು ಕಾದದ್ದು

ಮದುವೆಯಾಗದ, ಕನ್ನಡಕ ಹಾಕಿದ, ಮೆಲ್ಲಗೆ ಮಾತಾಡುವ ಹೆಂಗಸಿನ ಕೊರಳಲ್ಲಿ ಅವಳೊಬ್ಬಳಿಗೆ ಮಾತ್ರ ಕಾಣದ ಫಲಕವೊಂದು ತೂಗುತ್ತಿರುತ್ತದೆ ಎಂದು ನನಗೆ ಬಲವಾದ ಅನುಮಾನ. 'ನಿಮ್ಮ ಸಾಮಾನುಗಳನ್ನು ಇಲ್ಲಿ ಬಿಟ್ಟುಹೋಗಬಹುದು' ಎಂದು ಅದರಲ್ಲಿ ಬರೆದಿರಬೇಕು. ಇಲ್ಲದಿದ್ದರೆ ಏರ್‌ಪೋರ್ಟಿನಲ್ಲಿ ಅಷ್ಟೊಂದು ಜನ ಸುಮ್ಮನೆ ಕುಳಿತಿರುವಾಗ, ಪುಸ್ತಕ ಓದುತ್ತಿರುವ ನನ್ನ ಬಳಿಗೇ ಬಂದು "ಒಂದ್ನಿಮಿಷ ಬ್ಯಾಗ್ ನೋಡ್ಕೋತೀರಾ" ಎನ್ನುವುದೇಕೆ? ಮಿಲ್ಪಿಟಾಸ್‌ನಲ್ಲಿ ಒಂದು ಆರತಕ್ಷತೆಗೆ ಹೋದಾಗ, ಹೆಸರೂ ಗೊತ್ತಿಲ್ಲದ ದಂಪತಿ ತಮ್ಮ ಕೂಸನ್ನು ನನ್ನ ತೊಡೆಯ ಮೇಲೆ ಕೂರಿಸಿ ಫೋಟೋಗೆಂದು ಹೋದವರು, ಫೋಟೋ ಮುಗಿಸಿ, ಊಟ ಮುಗಿಸಿ, ಐಸ್‌ಕ್ರೀಮನ್ನೂ ಮುಗಿಸಿ ಬಂದರು. "ಅಳ್ಲಿಲ್ಲ ಅಲ್ವಾ?" ಎಂದು ಕೇಳಿದರು. ಮಗು ಅಳಲಿಲ್ಲ. ನನಗೇ ಅಳು ಬರುವಂತಾಗಿತ್ತು.

ಇಷ್ಟಾದರೂ ಈ ಫಲಕ ಹಿಮದ ಬೆಟ್ಟದವರೆಗೂ ನನ್ನ ಹಿಂದೆ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ. ಅದಕ್ಕೆ ಮೊದಲು ಒಂದು ವಿಷಯ ಹೇಳಬೇಕು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ: ನನಗೆ ಸ್ನೋಬೋರ್ಡಿಂಗ್ ಬರುತ್ತದೆ. ಎರಡು ಚಳಿಗಾಲದಿಂದ ಬೆಳಗಿನ ಜಾವದ ಬಸ್ಸು ಹಿಡಿದು ಒಬ್ಬಳೇ ಟಾಹೋ ಕಡೆಯ ಬೆಟ್ಟಗಳಿಗೆ ಹೋಗಿ, ಬಿದ್ದು, ಎದ್ದು, ಸಂಜೆ ಮನೆಗೆ ಬಂದು ಬಿಸಿನೀರಿನ ಚೀಲದ ಮೇಲೆ ಕುಳಿತು ಕಲಿತಿದ್ದೇನೆ. ಹೇಳದೆ ಇದ್ದುದಕ್ಕೆ ಕಾರಣವಿದೆ. ನಮ್ಮವರ ನಡುವೆ ಒಂದು ಇಷ್ಟವನ್ನು ಹೇಳಿಕೊಂಡರೆ ಅದು ಮರುದಿನ ಸಾರ್ವಜನಿಕ ಆಸ್ತಿಯಾಗುತ್ತದೆ. ಒಮ್ಮೆ ಬಾಯಿ ತಪ್ಪಿ, ಮನೆಯಲ್ಲೇ ಬ್ರೆಡ್ ಮಾಡಿದೆ ಎಂದು ಗೆಳತಿ ಸುಧಕ್ಕನಿಗೆ ಹೇಳಿದ್ದೆ. ಅಂದಿನಿಂದ ಯಾರ ಮನೆಯಲ್ಲಿ ಎಲ್ಲರೂ ಒಂದೊಂದು ತಿಂಡಿ ತರುವ ಪಾಟ್‌ಲಕ್ ಆದರೂ "ಬ್ರೆಡ್ಡು ನಿಂದೇ ಕಣೆ" ಎಂದು ಅಪ್ಪಣೆಯಾಗುತ್ತದೆ. ಈಗ ಬ್ರೆಡ್ಡಿನ ವಾಸನೆ ಬಂದರೆ ನನಗೆ ಆಫೀಸಿನ ಡೆಡ್‌ಲೈನು ನೆನಪಾಗುತ್ತದೆ. ಹಿಮಕ್ಕೂ ಈ ಗತಿ ಬರುವುದು ನನಗೆ ಬೇಕಿರಲಿಲ್ಲ.

ಮೊದಲು ಕಲಿಯಹೋದದ್ದು ಸ್ಕೀಯಿಂಗ್. ಅದರ ಅವಮಾನ ಇನ್ನೂ ಆರಿಲ್ಲ. ಎರಡು ಕಾಲಿಗೆ ಎರಡು ಉದ್ದನೆಯ ಪಟ್ಟಿ ಕಟ್ಟಿ, ಹೊಸಬರೆಂಬ ಒಂದೇ ಕಾರಣಕ್ಕೆ, ಐದಾರು ವರ್ಷದ ಮಕ್ಕಳ ಸಾಲಿನಲ್ಲಿ ನನ್ನನ್ನು ನಿಲ್ಲಿಸಿದರು. ವೇಗ ತಗ್ಗಿಸಬೇಕಾದರೆ ಪಟ್ಟಿಗಳ ಮುಂದಿನ ತುದಿಗಳನ್ನು ಹತ್ತಿರ ತಂದು, ಹಿಂದಿನ ತುದಿಗಳನ್ನು ಅಗಲಿಸಬೇಕು. ಇದನ್ನು ಇಷ್ಟೇ ಸ್ಪಷ್ಟವಾಗಿ ಹೇಳಬಹುದಿತ್ತು. ಪಾಠ ಹೇಳುವ ಹುಡುಗ ಮಾತ್ರ "ಪಿಟ್ಜಾ! ಪಿಟ್ಜಾ!" ಎಂದು ಕೂಗುತ್ತಿದ್ದ. ಪಿಟ್ಜಾದ ತುಂಡಿನ ಆಕಾರವಂತೆ. ಮೆಟೀರಿಯಲ್ಸ್ ಸೈನ್ಸಿನಲ್ಲಿ ಸ್ನಾತಕೋತ್ತರ ಪದವಿ ಪಡೆದು, ಘರ್ಷಣೆಯ ಬಗ್ಗೆ ಒಂದಿಡೀ ಪ್ರಬಂಧ ಬರೆದವಳು ನಾನು. ಮಕ್ಕಳೆಲ್ಲ ಪಿಟ್ಜಾ ಮಾಡಿ ನಿಂತರು. ನಾನು ನಿಲ್ಲದೆ ಬೇಲಿಯವರೆಗೂ ಹೋದೆ. ಹಿಂದಿನಿಂದ ಒಂದು ಪುಟ್ಟ ದನಿ, ಬಹಳ ಕನಿಕರದಿಂದ, "ಶೀ ಫರ್ಗಾಟ್ ದ ಪಿಟ್ಜಾ" ಎಂದಿತು.

ಸ್ನೋಬೋರ್ಡಿಗೆ ಬದಲಾಯಿಸಿದ್ದು ಆ ಸಿಟ್ಟಿನಲ್ಲೇ. ಒಂದೇ ಹಲಗೆ, ಎರಡೂ ಕಾಲು ಅದಕ್ಕೆ ಬಿಗಿದಿರುತ್ತವೆ, ಅಡ್ಡಡ್ಡವಾಗಿ ನಿಂತು ಜಾರಬೇಕು. ಮೊದಲ ಚಳಿಗಾಲವಿಡೀ ನಾನು ಜಾರಿದ್ದಕ್ಕಿಂತ ಕುಳಿತದ್ದೇ ಹೆಚ್ಚು. ಆಮೇಲೊಂದು ಬೆಳಿಗ್ಗೆ, ಯಾವ ಮುನ್ಸೂಚನೆಯೂ ಇಲ್ಲದೆ, ಹಲಗೆ ನನ್ನ ಮಾತು ಕೇಳಿತು. ಭುಜ ತಿರುಗಿಸಿದೆ, ಮೊಣಕಾಲು ಹಿಂಬಾಲಿಸಿತು, ಹಲಗೆಯ ಅಂಚು ಹಿಮವನ್ನು ಸೀಳಿದ ಸದ್ದು ಹೊಸ ಬಟ್ಟೆ ಹರಿದಂತೆ ಕೇಳಿಸಿತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಪೈನ್ ಮರಗಳ ನಡುವೆ ನನ್ನನ್ನು ಏನೂ ಕೇಳುವವರಿಲ್ಲ, ಯಾರಿಗೂ ಉತ್ತರಿಸಬೇಕಾಗಿಲ್ಲ. ನನ್ನ ಬದುಕಿನಲ್ಲಿ ಇಷ್ಟು ಸಂಪೂರ್ಣವಾಗಿ ನನ್ನದಾದ ವಸ್ತು ಬೇರೊಂದಿರಲಿಲ್ಲ.

ಈ ಸಲದ ಚಳಿಗಾಲ ಆಫೀಸೇ ನುಂಗಿತು. ಪಾಲೋ ಆಲ್ಟೋದ ನಮ್ಮ ಲ್ಯಾಬಿನಲ್ಲಿ ಶನಿವಾರವೂ ಮೀಟಿಂಗು. ಕೊನೆಗೂ ಒಂದು ಶನಿವಾರ ಬಿಡುವಾಯಿತು, ಅಷ್ಟರಲ್ಲಿ ಹಿಮ ಕರಗುವ ಕಾಲ ಬಂದಿತ್ತು, ಬಸ್ಸು ಭರ್ತಿಯಾಗಿತ್ತು. ನನ್ನ ಪುಟ್ಟ ಕಾರು ಆ ರಸ್ತೆಗಲ್ಲ. ಸರಿಯಾಗಿ ಆಗಲೇ ಸುಧಕ್ಕನ ಫೋನು ಬಂತು. ಸುಧಕ್ಕ ಮೈಸೂರಿನ ಕಾಲೇಜಿನಲ್ಲಿ ನನ್ನ ಸೀನಿಯರ್. ಈಗ ಗಂಡ ಪ್ರಕಾಶಣ್ಣ, ಎಂಟು ವರ್ಷದ ಮಗ ನಿಹಾಲ್ ಜೊತೆ ಸ್ಯಾನ್ ರಮೋನ್‌ನಲ್ಲಿದ್ದಾಳೆ. "ನಾಳಿದ್ದು ಸ್ನೋಗೆ ಹೋಗ್ತಿದೀವಿ. ವ್ಯಾನಲ್ಲಿ ಜಾಗ ಇದೆ, ಬಾರೆ. ಹಾಸನದಿಂದ ಅತ್ತೆ ಬಂದಿದಾರೆ, ಅವ್ರಿಗೂ ತೋರ್ಸೋಣ ಅಂತ." ಅವರೆಲ್ಲ ಮಕ್ಕಳ ಜಾರುಬಂಡಿಯ ಕಡೆ ಹೋಗುತ್ತಾರೆ, ನಾನು ಮೆಲ್ಲಗೆ ಜಾರಿಕೊಂಡು ನನ್ನ ಬೆಟ್ಟಕ್ಕೆ ಹೋಗಬಹುದು ಎಂದು ಲೆಕ್ಕ ಹಾಕಿದೆ. ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟಿನ ಟಿಕೆಟ್ಟು, ಬಾಡಿಗೆಯ ಬೋರ್ಡು, ಹೆಲ್ಮೆಟ್ಟು ಎಲ್ಲವನ್ನೂ ಫೋನಿನಲ್ಲೇ ಗುಟ್ಟಾಗಿ ಕಾದಿರಿಸಿದೆ.

ಲೆಕ್ಕ ತಪ್ಪಿದ್ದು ಬೆಟ್ಟದ ಬುಡದ ಊಟದ ಹಾಲ್‌ನಲ್ಲಿ. ಅಲ್ಲಿ ಉದ್ದನೆಯ ಮರದ ಟೇಬಲ್ಲುಗಳು. ಬೆಳಿಗ್ಗೆ ಹಿಡಿದವರಿಗೆ ಮಧ್ಯಾಹ್ನ ಊಟಕ್ಕೆ ಜಾಗ, ಉಳಿದವರು ತಟ್ಟೆ ಹಿಡಿದು ನಿಲ್ಲಬೇಕು. ಪ್ರಕಾಶಣ್ಣ ಒಂದು ಟೇಬಲ್ಲು ಹಿಡಿದು, ಅದರ ಮೇಲೆ ಪುಳಿಯೋಗರೆಯ ಡಬ್ಬಿ, ಮೊಸರನ್ನದ ಕುಕ್ಕರು, ಚಕ್ಕುಲಿ, ಮೂರು ಥರ್ಮಾಸು, ಒಣ ಸಾಕ್ಸಿನ ಚೀಲ ಎಲ್ಲವನ್ನೂ ಜೋಡಿಸಿ, ಮಧ್ಯದಲ್ಲಿ ತಮ್ಮ ತಾಯಿ ಜಯಮ್ಮಜ್ಜಿಯನ್ನು ಕೂರಿಸಿದರು. ಅಜ್ಜಿ ರೇಷ್ಮೆ ಸೀರೆಯ ಮೇಲೆ ಮಗನ ಜಾಕೆಟ್ಟು ತೊಟ್ಟು, ಬೂಟು ಹಾಕಿ, ಅಂಗಡಿ ತೆರೆದವರಂತೆ ಕುಳಿತರು. ನಾನು ಬಾಗಿಲ ಕಡೆ ಹೆಜ್ಜೆ ಇಡುತ್ತಿದ್ದೆ.

"ನೀನು ಇಲ್ಲೇ ಇರ್ತೀಯಲ್ವಾ?" ಎಂದಳು ಸುಧಕ್ಕ. ಅದು ಪ್ರಶ್ನೆಯಾಗಿರಲಿಲ್ಲ. "ಅತ್ತೆಗೆ ಇಂಗ್ಲಿಷ್ ಬರಲ್ಲ. ಯಾರಾದ್ರೂ ಬಂದು ಸೀಟ್ ಖಾಲೀನಾ ಅಂದ್ರೆ ಹೇಳೋರು ಬೇಕು. ನೀನು ಬುಕ್ ತಂದಿದೀಯಲ್ಲ."

"ಆಂಟಿ, ಯೂ ಡೋಂಟ್ ಲೈಕ್ ಸ್ನೋ?" ಎಂದು ನಿಹಾಲ್ ಕೇಳಿದ.

"ಆಂಟಿಗೆ ಅದೆಲ್ಲ ಆಗಲ್ಲ ಪುಟ್ಟ. ಆಂಟಿ ಓದೋ ಟೈಪು" ಎಂದರು ಪ್ರಕಾಶಣ್ಣ.

ಓದುವ ಟೈಪು! ಪುಸ್ತಕ ತಂದದ್ದು ವ್ಯಾನಿನಲ್ಲಿ ಯಾರೂ ಮಾತಾಡಿಸದಿರಲಿ ಎಂದು. ಹೇಳಬಹುದಿತ್ತು, 'ಇಲ್ಲ, ನನಗೆ ಬೇರೆ ಕೆಲಸವಿದೆ' ಎಂದು. ಆದರೆ ಏನು ಕೆಲಸ ಎಂದು ಕೇಳುತ್ತಾರೆ, ಹೇಳಿದರೆ ಗುಟ್ಟು ಹೋಗುತ್ತದೆ, ಹೇಳದಿದ್ದರೆ ದಿನ ಹೋಗುತ್ತದೆ. ಈ ಎರಡರ ನಡುವೆ ಆಯ್ಕೆ ಮಾಡುತ್ತಿರುವಾಗಲೇ ಅವರು ಹೊರಟುಹೋದರು. ನಾನು ಕುಕ್ಕರಿನ ಪಕ್ಕ ಕುಳಿತೆ. ಗಾಜಿನಾಚೆ ನನ್ನ ಬೆಟ್ಟ ಬಿಸಿಲಿಗೆ ಹೊಳೆಯುತ್ತಿತ್ತು. ಕಾದಿರಿಸಿದ ಬೋರ್ಡು ನೂರು ಹೆಜ್ಜೆಯಾಚೆ ನನ್ನ ಹೆಸರಿನಲ್ಲಿ ಕಾಯುತ್ತಿತ್ತು. ಬಂದವರಿಗೆಲ್ಲ "ಸಾರಿ, ಜನ ಇದ್ದಾರೆ" ಎಂದು ನಾನು ಹೇಳುತ್ತಿದ್ದ ದನಿಗೆ ಪಾಪ, ಒಬ್ಬರು ಮುದುಕರು ಎರಡು ಹೆಜ್ಜೆ ಹಿಂದಕ್ಕೆ ಸರಿದರು.

ಪಕ್ಕದ ಟೇಬಲ್ಲನ್ನು ಒಬ್ಬ ಚೀನೀ ಅಜ್ಜಿ ಕಾಯುತ್ತಿದ್ದರು. ಅವರಿಗೂ ನಮ್ಮ ಅಜ್ಜಿಗೂ ಒಂದು ಭಾಷೆಯೂ ಸಮಾನವಾಗಿರಲಿಲ್ಲ, ಆದರೆ ಆಗಲೇ ಚಕ್ಕುಲಿಗೆ ಒಣ ಪ್ಲಮ್ಮು ಬದಲಾಗಿತ್ತು. ಪ್ಲಮ್ಮು ಚೀಪುತ್ತಾ ಜಯಮ್ಮಜ್ಜಿ ನನ್ನನ್ನೇ ನೋಡುತ್ತಿದ್ದರು.

"ಯಾಕವ್ವ, ಬಾಗಿಲೇ ನೋಡ್ತಾ ಕೂತಿದೀಯ? ಹೋಗೋ ಹಂಗಿದ್ರೆ ಹೋಗ್ಬಾ."

"ಸ್ವಲ್ಪ ಓಡಾಡ್ಕೊಂಡು ಬರ್ತೀನಿ ಅಜ್ಜಿ. ಯಾರಾದ್ರೂ ಜಾಗ ಕೇಳಿದ್ರೆ?"

"ಕೇಳ್ಲಿ. ಸಂತೇಲಿ ಜಾಗ ಹಿಡ್ಯೋಕೆ ಇಂಗ್ಲಿಷ್ ಬೇಕಾ? ಹಿಂಗೆ ನೋಡಿದ್ರೆ ಸಾಕು" ಎಂದು ಒಂದು ನೋಟ ನೋಡಿ ತೋರಿಸಿದರು. ಸಾಕಾಗಿತ್ತು.

ಮತ್ತೆ ಹೇಳಿಸಿಕೊಳ್ಳದೆ ಓಡಿದೆ. ಬಿಳಿ ಹೆಲ್ಮೆಟ್ಟು, ಕಪ್ಪು ಗಾಜಿನ ಕನ್ನಡಕ ಹಾಕಿದ ಮೇಲೆ ನಾನು ಯಾರಿಗೂ ಗುರುತು ಸಿಗದ ಹೆಂಗಸಾದೆ. ಲಿಫ್ಟು ಏರಿ ಮೇಲೆ ಹೋಗಿ, ಬೋರ್ಡು ಕಟ್ಟಿ ಇಳಿಯತೊಡಗಿದಾಗ ಬೆಳಗಿನ ಸಿಟ್ಟೆಲ್ಲ ಹಲಗೆಯ ಅಂಚಿನಿಂದ ಹಿಮದ ಪುಡಿಯಾಗಿ ಹಾರಿಹೋಯಿತು. ಅರ್ಧ ದಾರಿಯಲ್ಲಿ, ಕೇಬಲ್ ಕಾರುಗಳು ತಲೆಯ ಮೇಲೆ ಹೋಗುವ ಜಾಗದಲ್ಲಿ, ಎಡಗಾಲಿನ ಪಟ್ಟಿ ಸಡಿಲವಾದಂತೆ ಅನ್ನಿಸಿ ಕುಳಿತು ಬಿಗಿದುಕೊಂಡೆ. ಬೋರ್ಡಿನವರು ಹೀಗೆ ಇಳಿಜಾರಿನಲ್ಲಿ ಕುಳಿತುಕೊಳ್ಳುವುದು ಪದ್ಧತಿ. ಇನ್ನೊಂದು ಸಲ, ಮತ್ತೊಂದು ಸಲ. ಊಟದ ಹೊತ್ತಿಗೆ ಬೋರ್ಡು, ಹೆಲ್ಮೆಟ್ಟು ಹಿಂದಿರುಗಿಸಿ, ಕೂದಲು ಸರಿಮಾಡಿಕೊಂಡು, ಓದುವ ಟೈಪಿನ ಮುಖ ಮಾಡಿಕೊಂಡು ಊಟದ ಹಾಲ್‌ಗೆ ಬಂದೆ.

ಟೇಬಲ್ಲಿನಲ್ಲಿ ನಾಲ್ವರು ಹುಡುಗರು ಆಲೂಗಡ್ಡೆ ಫ್ರೈ ತಿನ್ನುತ್ತಿದ್ದರು. ಕುಕ್ಕರು ಮೂಲೆಗೆ ಸರಿದಿತ್ತು. ಅಜ್ಜಿ ಇರಲಿಲ್ಲ.

ಹೆಂಗಸರ ಟಾಯ್ಲೆಟ್ಟು ನೋಡಿದೆ. ಕಾಫಿಯ ಸಾಲು ನೋಡಿದೆ. ಹೊರಗೆ ಹೋಗಿ, ಹಿಮದಲ್ಲಿ ಎಲ್ಲಾದರೂ ಸೀರೆಯ ಅಂಚು ಕಾಣುತ್ತದೆಯೇ ಎಂದು ಹುಡುಕಿದೆ. ಎಪ್ಪತ್ತು ದಾಟಿದ ಜೀವ, ಫೋನಿಲ್ಲ, ಭಾಷೆಯಿಲ್ಲ. ಅಷ್ಟರಲ್ಲಿ ಮಂಜು ಕೊಡವುತ್ತಾ ಮೂವರೂ ಬಂದರು.

"ಅಮ್ಮ ಎಲ್ಲಿ?" ಎಂದರು ಪ್ರಕಾಶಣ್ಣ.

"ಗೊತ್ತಿಲ್ಲ. ನಾನು ಸ್ವಲ್ಪ ಹೊರಗೆ ಹೋಗಿದ್ದೆ."

"ಒಂದ್ ಟೇಬಲ್ಲು, ಒಬ್ರು ಅಜ್ಜಿ. ಎರಡನ್ನೂ ಕಳ್ಕೊಂಡಿದೀಯಲ್ಲೇ!" ಎಂದಳು ಸುಧಕ್ಕ. ಅವಳ ಮುಖ ಬಿಳುಚಿತ್ತು. ಪ್ರಕಾಶಣ್ಣ ಸೆಕ್ಯೂರಿಟಿಯವರನ್ನು ಹುಡುಕಿಕೊಂಡು ತಿರುಗುವಷ್ಟರಲ್ಲಿ ಬಾಗಿಲು ತೆರೆಯಿತು. ಜಯಮ್ಮಜ್ಜಿ ಮತ್ತು ಚೀನೀ ಅಜ್ಜಿ ಕೈ ಕೈ ಹಿಡಿದುಕೊಂಡು ಒಳಬಂದರು. ಹಿಂದೆ ಚೀನೀ ಅಜ್ಜಿಯ ಮಗ, ಇಬ್ಬರ ಶಾಲುಗಳನ್ನೂ ಹೊತ್ತುಕೊಂಡು.

"ಅಮ್ಮಾ, ಎಲ್ಲಿಗ್ ಹೋಗಿದ್ದೆ?"

"ಬೆಟ್ಟದ ಮೇಲಕ್ಕೆ! ಈಯಮ್ಮನ ಮಗ ತೂಗೋ ಡಬ್ಬೀಲಿ ಕೂರುಸ್ಕೊಂಡು ಹೋದ. ಎಂಥಾ ಒಳ್ಳೆ ಹುಡ್ಗ ಅಂತೀಯ!"

"ಹೇಳಿದ್ರೆ ನಾವೇ ಕರ್ಕೊಂಡ್ ಹೋಗ್ತಿರ್ಲಿಲ್ವಾ?"

"ಬೆಳಗಿಂದ ಕುಕ್ಕರ್ ಪಕ್ಕ ಕೂರ್ಸಿದ್ರಿ. ಬರ್ತೀಯಾ ಅಂತ ಕೇಳಿದ್ಯಾರು?"

ನನ್ನನ್ನು ಯಾರೂ ಕೇಳಲಿಲ್ಲ ಎಂದು ಬೆಳಗಿನಿಂದ ಕುದಿಯುತ್ತಿದ್ದ ನಾನೂ ಅಜ್ಜಿಯನ್ನು ಕೇಳಿರಲಿಲ್ಲ ಎಂಬುದು ಹೊಳೆಯಿತು. ಹುಡುಗರು ಜಾಗ ಬಿಟ್ಟುಕೊಟ್ಟರು, ಪುಳಿಯೋಗರೆಯ ಡಬ್ಬಿ ತೆರೆಯಿತು. ನಾನು ಎಲ್ಲಿಗೆ ಹೋಗಿದ್ದೆ ಎಂದು ಯಾರಿಗೂ ನೆನಪಿರಲಿಲ್ಲ. ನನ್ನ ಗುಟ್ಟು ಉಳಿದಿತ್ತು. ತಟ್ಟೆಯ ಮೇಲೆ ತಲೆ ಬಗ್ಗಿಸಿ ಉಂಡೆದ್ದಿದ್ದರೆ ಇವತ್ತಿಗೂ ಉಳಿಯುತ್ತಿತ್ತು.

ಅಜ್ಜಿ ತಾವು ಕಂಡದ್ದನ್ನು ಹೇಳುತ್ತಿದ್ದರು. "ಒಬ್ಳು, ತಲೆ ಮೇಲೆ ಬಿಳೀ ಬೋಗುಣಿ ಮಗುಚ್ಕೊಂಡಿದ್ಲು. ಹಲ್ಗೆ ಮೇಲೆ ನಿಂತ್ಕೊಂಡು ಬಂದ್ಲು, ಬಂದ್ಲು, ನಡುದಾರೀಲಿ ಎಮ್ಮೆ ಕೆರೇಲಿ ಕೂತಂಗೆ ದಬಕ್ಕಂತ ಬಿದ್ಲು! ಈಯಮ್ಮನೂ ನಾನೂ ನಕ್ಕಿದ್ದೂ ನಕ್ಕಿದ್ದೇ."

ಎಲ್ಲರೂ ನಕ್ಕರು. ನಿಹಾಲ್ ಬಿದ್ದು ತೋರಿಸಿದ.

"ಬಿದ್ದಿದ್ದಲ್ಲ ಅಜ್ಜಿ" ಎಂದೆ. ಯಾರೋ ಬೇರೆಯವರು ಮಾತಾಡಿದಂತೆ ಕೇಳಿಸಿತು. "ಕೂತಿದ್ದು. ಎಡಗಾಲಿನ ಪಟ್ಟಿ ಸಡಿಲ ಆಗಿತ್ತು. ಅದನ್ನ ಕೂತೇ ಬಿಗೀಬೇಕು. ಬೀಳೋದೇ ಬೇರೆ, ಕೂರೋದೇ ಬೇರೆ."

ಸುಧಕ್ಕನ ಚಮಚ ಅರ್ಧದಲ್ಲಿ ನಿಂತಿತು. "ಎಡಗಾಲು ಅಂತ ನಿಂಗೆ ಹೇಗೆ ಗೊತ್ತು?"

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಓ, ನೀನೇನಾ? ಹಂಗಾದ್ರೆ ಕೂತಿದ್ದೇ ಇರ್ಬೇಕು ಬಿಡು."

ಎಲ್ಲವನ್ನೂ ಹೇಳಬೇಕಾಯಿತು: ಬಸ್ಸು, ಎರಡು ಚಳಿಗಾಲ, ಬಿಸಿನೀರಿನ ಚೀಲ. ಸುಧಕ್ಕ ನಗುತ್ತಾಳೆ ಎಂದುಕೊಂಡಿದ್ದೆ. ಅವಳ ಕಣ್ಣಲ್ಲಿ ಕಂಡದ್ದು ಬೇರೆಯೇ. "ಎರಡು ವರ್ಷದಿಂದ? ನಂಗೂ ಹೇಳ್ಲಿಲ್ವಲ್ಲೇ. ನಂಗೂ ಕಲೀಬೇಕು ಅಂತ ಎಷ್ಟ್ ಆಸೆ ಇತ್ತು ಗೊತ್ತಾ? ಜೊತೆಗ್ಯಾರೂ ಇಲ್ಲ ಅಂತ ವರ್ಷ ವರ್ಷ ಇವನ ಜಾರುಬಂಡಿ ಹಗ್ಗ ಎಳ್ಕೊಂಡೇ ವಾಪಸ್ ಹೋಗ್ತಿದೀನಿ." ಮಧ್ಯಾಹ್ನ ಟೇಬಲ್ಲು ಕಾಯಲು ಪ್ರಕಾಶಣ್ಣ ಕುಳಿತರು, ಸುಧಕ್ಕ ನಮ್ಮಿಬ್ಬರಿಗೂ ಬೋರ್ಡು ಬಾಡಿಗೆಗೆ ತಂದಳು, ನನ್ನ ಬೆಟ್ಟಕ್ಕೆ ನಾನು ಮೊದಲ ಬಾರಿಗೆ ಇನ್ನೊಬ್ಬರನ್ನು ಕರೆದುಕೊಂಡು ಹೋದೆ. ತಾಳ್ಮೆಯಿಂದ, ಸ್ಪಷ್ಟವಾದ ವಾಕ್ಯಗಳಲ್ಲಿ, ಬೀಳುವುದು ಹೇಗೆ ಎಂಬುದರಿಂದಲೇ ಪಾಠ ಶುರುಮಾಡಿದೆ.

ಅದು ವ್ಯರ್ಥವಾಯಿತು. ಸುಧಕ್ಕ ಬೀಳಲಿಲ್ಲ. ಕಾಲೇಜಿನಲ್ಲಿ ಖೋ ಖೋ ಆಡುತ್ತಿದ್ದವಳಂತೆ, ನನಗೆ ಗೊತ್ತಿರಲಿಲ್ಲ. ನನಗೆ ಒಂದಿಡೀ ಚಳಿಗಾಲ ಹಿಡಿದ ತಿರುವನ್ನು ಅವಳು ಸಂಜೆಯ ಬಿಸಿಲು ಇಳಿಯುವ ಮೊದಲೇ ಹಾಕಿದಳು. ಅಷ್ಟಕ್ಕೇ ಬಿಡದೆ, ಕೆಳಗೆ ನಿಂತು ನಾನು ಇಳಿದು ಬರುವುದನ್ನು ನೋಡಿ, "ನೀನು ಸೊಂಟ ಜಾಸ್ತಿ ಬಗ್ಗಿಸ್ತೀಯ ಕಣೆ. ನೆಟ್ಟಗೆ ನಿಲ್ಲು, ಸಲೀಸಾಗಿ ತಿರುಗುತ್ತೆ" ಎಂದಳು. ಮೂರು ಗಂಟೆಯ ಹಿಂದೆ ಬೋರ್ಡಿನ ಮುಂಭಾಗ ಯಾವುದು ಎಂದು ನನ್ನನ್ನು ಕೇಳಿದ್ದವಳು! ಇಂಥ ಮಾತಿಗೆ ಉತ್ತರ ಕೊಡುವುದು ನನ್ನ ಸ್ವಭಾವವಲ್ಲ. ವಾಪಸು ಬರುವಾಗ ವ್ಯಾನಿನಲ್ಲಿ ಪುಸ್ತಕ ತೆರೆದು ಕುಳಿತೆ.

ಮುಂದಿನ ಶನಿವಾರ ಆಫೀಸಿನ ಮೀಟಿಂಗು ತಪ್ಪಿಸಿ, ಬಸ್ಸು ಹಿಡಿದು ಒಬ್ಬಳೇ ಹೋದೆ. ಸುತ್ತ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು ಸೊಂಟ ನೆಟ್ಟಗೆ ಇಟ್ಟು ಇಳಿದೆ. ಅವಳು ಹೇಳಿದ್ದು ಸರಿಯಾಗಿತ್ತು. ಇದನ್ನು ಅವಳಿಗೆ ಹೇಳಿಲ್ಲ, ಹೇಳುವುದೂ ಇಲ್ಲ.