ಗಂಭೀರ ಪರಿಸ್ಥಿತಿಯನ್ನು ಶಿರವಾಳಕ್ಕೆ ಕಳಿಸಿದ್ದು

ಮನೆಗೆ ಯಾರಾದರೂ ಬರುತ್ತಾರೆಂದರೆ ಸಾಕು, ಕಂಡದ್ದನ್ನೆಲ್ಲ ಮುಚ್ಚಿಡುವ ಚಟ ನನಗಿದೆ. ಹವ್ಯಾಸ ಅಂದರೆ ಸುಳ್ಳಾದೀತು, ಇದು ಚಟವೇ. ಕಪ್ಪಾದ ಬಾಳೆಹಣ್ಣು, ಹರಿದ ಚಾದರ, ಮಗನ ಅಂಕಪಟ್ಟಿ ಎಲ್ಲವೂ ಗಾದಿಯ ಕೆಳಗೆ ಹೋಗುತ್ತವೆ. ಒಮ್ಮೆ ಮಾವನವರ ಕನ್ನಡಕವೂ ಹೋಗಿ, ಅವರೇ ಅದರ ಮೇಲೆ ಕೂತರು. "ನಿಮ್ಮನ್ನೂ ಒಂದಿನ ಅದರ ಕೆಳಗ ತುರುಕ್ತೀನಿ ನೋಡ್ರಿ," ಅಂದಳು ಹೆಂಡತಿ. ಇಂಥವನ ಕೈಗೆ ಅಂತರರಾಷ್ಟ್ರೀಯ ರಾಜತಾಂತ್ರಿಕತೆ ಸಿಕ್ಕರೆ ಏನಾದೀತು?

ಸಿಕ್ಕಿತು. ಯಾದಗಿರಿಯ ಕಚೇರಿಯೊಂದರಲ್ಲಿ ನಾನು ಗುಮಾಸ್ತ. ನಶೆಯ ದಂಧೆ ಹತ್ತಿಕ್ಕಲು ಹೊರದೇಶಗಳು ಕೂಡಿ ಹಣ ಕೊಡುತ್ತವೆಂದೂ, ದಿಲ್ಲಿಯಲ್ಲಿ ನಮ್ಮ ದೊಡ್ಡವರು ರಾಯಭಾರಿಗಳ ಜೊತೆ ಚಹಾ ಕುಡಿದು ಕುಡಿದು ಅವರನ್ನು ಒಪ್ಪಿಸುತ್ತಿದ್ದಾರೆಂದೂ ಸುದ್ದಿ ಬಂತು. ನಮ್ಮ ಕಡೆಯಿಂದಲೂ ಅರ್ಜಿ ಹೋಗಬೇಕಿತ್ತು. ಗುರುಮಠಕಲ್ ಕಡೆಯ ಹಳ್ಳಿಯೊಂದರಲ್ಲಿ ಈಚಲ ಸೇಂದಿಗೆ ನಶೆಪುಡಿ ಬೆರೆಸಿ ಮಾರುತ್ತಿದ್ದರು. ಅದಕ್ಕೆ ಅಂಟಿಕೊಂಡವರನ್ನು ಬಿಡಿಸಲು ಹತ್ತಿರದಲ್ಲೊಂದು ದವಾಖಾನೆ ಬೇಕಿತ್ತು. ನನಗೆ ಇಂಗ್ಲಿಷ್ ಬರುತ್ತದೆಂಬ ಗುಮಾನಿಯ ಮೇಲೆ ಆ ಕೆಲಸ ನನಗೇ ಬಿತ್ತು. "ಪರಿಸ್ಥಿತಿ ಅತ್ಯಂತ ಗಂಭೀರ" ಎಂದು ಹನ್ನೊಂದು ಸಲ ಬರೆದೆ. ಸಾಹೇಬರು ಬೆನ್ನು ತಟ್ಟಿದರು.

ಆ ಹಳ್ಳಿಯ ಮಲ್ಲಮ್ಮ ವಾರಕ್ಕೊಮ್ಮೆ ಬಸ್ಸು ಹತ್ತಿ ಬಂದು ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದಳು. "ದವಾಖಾನಿ ಯಾವಾಗ ಆಗ್ತದ್ರಿ? ನನ್ನ ಗಂಡ ಸಾಬಣ್ಣಗ ಒಂದಿನ ಸೇಂದಿ ಸಿಗಲಿಲ್ಲಂದ್ರ ತುತ್ತು ಎತ್ತಾಕ ಕೈ ನಿಲ್ಲಂಗಿಲ್ರಿ." ಅವಳನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಕೊನೆಗೆ ಹಣ ಕೊಡುವವರ ಕಡೆಯಿಂದ ವಿದೇಶಿ ಮೇಡಂ ಒಬ್ಬರು ಊರನ್ನು ಕಣ್ಣಾರೆ ನೋಡಲು ಹೊರಟರು. ದುಭಾಷಿ ನಾನೇ. ನನ್ನ ಚಟ ಎದ್ದು ಕೂತಿತು. ಪರದೇಶದ ಅತಿಥಿಯ ಮುಂದೆ ನಮ್ಮವರು ತೂರಾಡಿದರೆ ನಮ್ಮ ಇಜ್ಜತ್ತು ಏನಾಗಬೇಕು? ಮುಂಜಾನೆಯೇ ಸಾಬಣ್ಣನಿಗೂ ಅವನ ಎಂಟು ಮಂದಿ ಗೆಳೆಯರಿಗೂ ರೊಟ್ಟಿ, ಪುಂಡಿಪಲ್ಯ ಕಟ್ಟಿಸಿ, ಟೆಂಪೊ ಹತ್ತಿಸಿ, ಹಳೆಯ ಗುಡಿ ನೋಡಿಕೊಂಡು ಬನ್ನಿ ಎಂದು ಶಿರವಾಳಕ್ಕೆ ಕಳಿಸಿಬಿಟ್ಟೆ.

ಮೇಡಂ ಬಂದರು. ಊರು ಲಕಲಕ ಅನ್ನುತ್ತಿತ್ತು. ಹುಡುಗಿಯರು ಆರತಿ ಎತ್ತಿದರು, ಗಂಡಸರು ಕೈಕಟ್ಟಿ ನಿಂತರು. "ಇಷ್ಟು ಆರೋಗ್ಯವಂತ ಊರನ್ನು ನಾನು ನೋಡಿಯೇ ಇಲ್ಲ. ನಿಮಗೆ ನಮ್ಮ ಹಣ ಏಕೆ?" ಅಂದರು ಮೇಡಂ. ಆಗ ನನಗೆ ಹೊಳೆಯಿತು. ಅರ್ಜಿಯಲ್ಲಿ ಬರೆದ ಗಂಭೀರವನ್ನೆಲ್ಲ ನಾನೇ ಟೆಂಪೊ ಹತ್ತಿಸಿದ್ದೆ! ಕಾರು ಹೊರಡುವಾಗ ಮಲ್ಲಮ್ಮ ಕಿಟಕಿಗೆ ಬಂದು, "ನನ್ನ ಗಂಡನ್ನ ಮುಚ್ಚಿಟ್ಟು ಈಯಮ್ಮಗ ಏನ್ ತೋರಸಾಕತ್ತೀರಿ? ನಿಮಗ ಬುದ್ಧಿ ಅದನೋ ಇಲ್ಲೋ?" ಎಂದು ಕೂಗಿದಳು. ಏನಂತಾಳೆ ಎಂದು ಮೇಡಂ ಕೇಳಿದರು. "ಮತ್ತೆ ಬನ್ನಿ ಅಂತಿದ್ದಾಳೆ," ಎಂದು ಇಂಗ್ಲಿಷಿಗೆ ತಂದೆ.

ಸಂಜೆ ಸುರಪುರದಲ್ಲಿ ಸಭೆ. ದಾರಿಯಲ್ಲಿ, ಶಿರವಾಳದ ಪಕ್ಕದ ಶಹಾಪುರ ಬಂದೊಡನೆ ಅಲ್ಲಿಯವನೇ ಆದ ಡ್ರೈವರನ ಊರಾಭಿಮಾನ ಜಾಗೃತವಾಯಿತು. "ಇಷ್ಟ ದೂರ ಬಂದು ಶಿರವಾಳ ನೋಡಲಾರ್ದ ಹ್ಯಾಂಗ ಹೋಗ್ತಾರ್ರಿ?" ಅಂದವನೇ ಮೇಡಂ ಕಡೆ ತಿರುಗಿ "ಓಲ್ಡ್ ಟೆಂಪಲ್" ಅಂದ. ಅಲ್ಲಿ ಹಾವುಗಳಿವೆ ಎಂದು ನಾನು ಮೇಡಂ ಅವರನ್ನು ಹೆದರಿಸಿ ನೋಡಿದೆ. ಅವರಿಗೆ ಹಾವೆಂದರೆ ಬಲು ಇಷ್ಟವಂತೆ.

ಗುಡಿಯ ನೆರಳಿನಲ್ಲಿ ಒಂಬತ್ತೂ ಗಂಭೀರ ಪರಿಸ್ಥಿತಿಗಳು ಸಾಲಾಗಿ ಮಲಗಿದ್ದವು. ಪಕ್ಕದಲ್ಲಿ ಸೇಂದಿಯ ಖಾಲಿ ಕ್ಯಾನು. ಸಾಬಣ್ಣ ಎದ್ದು, ನಡುಗುವ ಕೈ ಜೋಡಿಸಿದ. "ಶರಣ್ರೀ ಅಮ್ಮಾ. ನೀವು ಬರ್ತೀರಂತ ಈ ಸಾಹೇಬ್ರು ನಮ್ಮನ್ನ ಇಲ್ಲಿ ಮುಚ್ಚಿಟ್ಟಾರ್ರಿ. ನನ್ನ ಚಟ ಬಿಡಸ್ರಿ. ಮಲ್ಲಮ್ಮ ಭಾಳ ಅತ್ತಾಳ್ರಿ." ಮೇಡಂ ನನ್ನ ಕಡೆ ತಿರುಗಿದರು. ಬೇರೆ ದಾರಿ ಇರಲಿಲ್ಲ. ಮುಚ್ಚಿಟ್ಟದ್ದನ್ನೂ ಸೇರಿಸಿ ಒಂದಕ್ಷರ ಬಿಡದೆ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ಕಟ್ಟೆಯ ಮೇಲೆ ಸಾಬಣ್ಣನ ಪಕ್ಕ ಕೂತು ಉಳಿದ ರೊಟ್ಟಿ ತಿಂದರು. ನನಗೂ ನಗು ಬಂತು. ಅಷ್ಟು ಹಗುರಾಗಿ ನಾನು ಎಂದೂ ನಕ್ಕಿರಲಿಲ್ಲ.

ಹಣ ಬಂತು, ದವಾಖಾನೆಯೂ ಆಯಿತು. ಸಾಬಣ್ಣ ಈಗ ಕೈ ನಡುಗದೆ ರೊಟ್ಟಿ ಮುರಿಯುತ್ತಾನೆ. ಮಲ್ಲಮ್ಮ ಮೊನ್ನೆ ಶೇಂಗಾ ಹೋಳಿಗೆ ತಂದುಕೊಟ್ಟು ಹೋದಳು. ಮೇಡಂ ಬರೆದ ವರದಿಯಲ್ಲಿ ಒಂದು ಸಾಲಿದೆ: "ರೋಗಿಗಳು ತಮ್ಮ ಚಟವನ್ನು ಧೈರ್ಯವಾಗಿ ಒಪ್ಪಿಕೊಂಡರು, ಮೊದಲು ಚಿಕಿತ್ಸೆ ಬೇಕಾದದ್ದು ಎಲ್ಲವನ್ನೂ ಮುಚ್ಚಿಡುವ ದುಭಾಷಿಗೆ." ವರದಿಯನ್ನು ಸಾಹೇಬರಿಗಾಗಿ ಕನ್ನಡಕ್ಕೆ ತಂದವನು ನಾನೇ. ಕನ್ನಡದ ಪ್ರತಿಯಲ್ಲಿ ಆ ಸಾಲು ಇಲ್ಲ.